ಅದಿರಿಗೆ ದಾರಿ ಬಿಟ್ಟ ಊರು

2025ರ ಆಗಸ್ಟ್ 19ರ ಬೆಳಿಗ್ಗೆ, ಸ್ವೀಡನ್ನಿನ ಉತ್ತರ ತುದಿಯಲ್ಲಿರುವ ಕಿರುನಾ ಎಂಬ ಊರಿನ ರಸ್ತೆಯಂಚಿನಲ್ಲಿ ಜನಜಂಗುಳಿಯ ನಡುವೆ ನಿಂತು, ಒಂದು ಚರ್ಚು ನಡೆದು ಬರುವುದನ್ನು ನೋಡಿದೆ. 1912ರಲ್ಲಿ ಕಟ್ಟಿ ಮುಗಿಸಿದ, ಕೆಂಪು ಬಣ್ಣ ಬಳಿದ, 672 ಟನ್ ತೂಗುವ ಮರದ ಚರ್ಚನ್ನು ಬುಡಸಮೇತ ಎತ್ತಿ, ನೂರಾರು ಗಾಲಿಗಳ ಗಾಡಿಗಳ ಮೇಲೆ ಕೂರಿಸಿ, ಐದು ಕಿಲೋಮೀಟರ್ ಆಚೆಯ ಹೊಸ ಜಾಗಕ್ಕೆ ಎರಡು ದಿನಗಳಲ್ಲಿ ಸಾಗಿಸಿದರು. ಕಟ್ಟಡದ ಅಗಲವೇ 40 ಮೀಟರ್. ಅದಕ್ಕಾಗಿ 9 ಮೀಟರ್ ಅಗಲವಿದ್ದ ರಸ್ತೆಯನ್ನು 24 ಮೀಟರಿಗೆ ಹಿಗ್ಗಿಸಿದ್ದರು. ನನ್ನ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ ಹಿರಿಯ ಹೆಂಗಸೊಬ್ಬರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಕುಡಿದು, ಮುಚ್ಚಳ ತಿರುಗಿಸಿ ಮುಚ್ಚಿ ಮತ್ತೆ ತಲೆಯೆತ್ತುವ ಹೊತ್ತಿಗೆ ಚರ್ಚು ತನ್ನ ಅರ್ಧ ಮೈಯಷ್ಟು ದೂರ ಮುಂದೆ ಬಂದಿತ್ತು.

ಮಂಗಳೂರಿನಲ್ಲಿರುವ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ.

"ಎಷ್ಟು ಸ್ಪೀಡು, ಪುಟ್ಟೀ?"

"ಗಂಟೆಗೆ ಅರ್ಧ ಕಿಲೋಮೀಟರಂತೆ ಅಪ್ಪ, ಜಾಗ ಸಿಕ್ಕಿದ ಕಡೆ ಸ್ವಲ್ಪ ಜಾಸ್ತಿ."

"ಮಳೆಗಾಲದಲ್ಲಿ ನಮ್ಮ ಘಾಟಿಯಲ್ಲಿ ಲಾರಿ ಹತ್ತಿದ ಹಾಗೆ," ಎಂದರು. ಆಮೇಲೆ ಬಹಳ ಹೊತ್ತು ಏನೂ ಮಾತಾಡದೆ ನೋಡುತ್ತಿದ್ದರು.

ಅವರ ಮೌನಕ್ಕೆ ಕಾರಣವಿದೆ. ನಾನು ಹುಟ್ಟಿ ಬೆಳೆದದ್ದು ಕುದುರೆಮುಖದ ಗಣಿ ಕಾಲೊನಿಯ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಅದಿರು ಅರೆಯುವ ಘಟಕದಲ್ಲಿ ಶಿಫ್ಟು ಮಾಡುತ್ತಿದ್ದರು. 1976ರಲ್ಲಿ ಹುಟ್ಟಿದ ಕಂಪನಿಯ ಅದು, ಇರಾನಿಗೆ ಅದಿರು ಕೊಡಲೆಂದು, ಇರಾನಿನ ಸಾಲದ ಭರವಸೆಯ ಮೇಲೆ ಕಟ್ಟಿದ ಗಣಿ. 1979ರ ಕ್ರಾಂತಿಯಾದ ಮೇಲೆ ಇರಾನು ಕೈಬಿಟ್ಟಿತು, ಗಣಿ ಮಾತ್ರ ನಡೆಯಿತು. ಭದ್ರಾ ನದಿಯ ತಲೆಯ ಮೇಲೆ, ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಶೋಲಾ ಕಾಡಿನ ನಡುವೆ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದ ಆ ಗಣಿಯನ್ನು 2005ರ ಕೊನೆಗೆ ಮುಚ್ಚಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿತು, ಮುಚ್ಚಿತು. ಆ ತೀರ್ಪು ಸರಿಯಾಗಿತ್ತೆಂದೇ ನಾನು ಇಂದಿಗೂ ನಂಬುತ್ತೇನೆ. ಅಪ್ಪನ ಎದುರು ಹಾಗೆಂದು ಒಮ್ಮೆ ಮಾತ್ರ ಹೇಳಿದ್ದೇನೆ. ನಾವು ಒಂದು ಲಾರಿಯಲ್ಲಿ ಸಾಮಾನು ಹೇರಿಕೊಂಡು ಘಟ್ಟ ಇಳಿದೆವು. ನಮ್ಮಲ್ಲಿ ಅದಿರು ಉಳಿಯಿತು, ಜನ ಹೊರಟರು. ಕಿರುನಾದಲ್ಲಿ ಅದಿರು ಹೊರಡಬೇಕಾಗಿದೆ, ಅದಕ್ಕೆ ದಾರಿ ಬಿಡಲು ಊರೇ ಪಕ್ಕಕ್ಕೆ ಸರಿಯುತ್ತಿದೆ. ಓದಲೆಂದು ಲುಲಿಯೊ ನಗರಕ್ಕೆ ಬಂದು, ಲೋಹಶಾಸ್ತ್ರ ಕಲಿತು, ಇಲ್ಲೇ ನೆಲೆಸಿದ ನನಗೆ ಈ ಎರಡು ಊರುಗಳನ್ನು ಜೊತೆಗಿಟ್ಟು ನೋಡದೆ ಇರಲು ಆಗುವುದಿಲ್ಲ.

ಕಿರುನಾ, ಲುಲಿಯೊ ಎರಡೂ ಇರುವುದು ನೊರ್‌ಬೊಟನ್ ಪ್ರಾಂತದಲ್ಲಿ. ಇದು ಸ್ವೀಡನ್ನಿನ ಕಾಲು ಭಾಗ, ಕರ್ನಾಟಕದ ಅರ್ಧದಷ್ಟು ನೆಲ. ಅಷ್ಟು ನೆಲದಲ್ಲಿರುವವರು ಸುಮಾರು ಎರಡೂವರೆ ಲಕ್ಷ ಜನ, ನಮ್ಮಲ್ಲಿ ಒಂದು ತಾಲ್ಲೂಕಿಗೆ ಸಾಕಾಗುವಷ್ಟು. ಜನ ಬಿಟ್ಟರೆ ಮಿಕ್ಕಿದ್ದೆಲ್ಲ ಇಲ್ಲಿ ಹೇರಳ: ಕಬ್ಬಿಣ, ತಾಮ್ರ, ಮರ, ಧುಮ್ಮಿಕ್ಕುವ ನದಿ. ಹದಿನೇಳನೆಯ ಶತಮಾನದಲ್ಲಿ ಸ್ವೀಡನ್ನಿನ ಮಹಾಮಂತ್ರಿಯಾಗಿದ್ದ ಆಕ್ಸೆಲ್ ಉಕ್ಸೆನ್‌ಶರ್ನ ಈ ಉತ್ತರದ ಸೀಮೆಯನ್ನು ಕುರಿತು, ನಮ್ಮ ಗಡಿಯೊಳಗೇ ನಮಗೊಂದು ಇಂಡಿಯಾ ಇದೆ, ಬಳಸಿಕೊಳ್ಳುವುದನ್ನು ತಿಳಿದರೆ ಸಾಕು ಎಂಬರ್ಥದ ಮಾತು ಆಡಿದನೆಂದು ಪ್ರತೀತಿ. ತರಗತಿಯಲ್ಲಿ ಮೊದಲ ಸಲ ಇದನ್ನು ಕೇಳಿದಾಗ ನಕ್ಕುಬಿಟ್ಟಿದ್ದೆ. ಇಂಡಿಯಾ ಎಂದರೆ ಹೋಗಿ ತರುವ ಜಾಗ, ಅಲ್ಲಿರುವವರ ಮಾತು ಲೆಕ್ಕಕ್ಕಿಲ್ಲ ಎಂಬುದು ಆ ಕಾಲದ ಯೂರೋಪಿಗೆ ಎಷ್ಟು ಸಹಜವಾಗಿತ್ತೆಂದರೆ, ತಮ್ಮದೇ ದೇಶದ ಉತ್ತರಕ್ಕೂ ಅದೇ ಹೆಸರನ್ನಿಟ್ಟರು.

ಹೆಸರಿಗೆ ತಕ್ಕಂತೆಯೇ ನಡೆದುಕೊಂಡರು ಕೂಡ. 1635ರಲ್ಲಿ ನಾರ್ವೆ ಗಡಿಯ ನಾಸಾಫ್ಯೆಲ್ ಬೆಟ್ಟದಲ್ಲಿ ಬೆಳ್ಳಿ ಗಣಿ ತೆರೆದಾಗ, ಅದಿರು ಸಾಗಿಸುವ ಕೆಲಸಕ್ಕೆ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರನ್ನೂ ಅವರ ಹಿಮಸಾರಂಗಗಳನ್ನೂ ಬಲವಂತವಾಗಿ ಎಳೆದರು. ಬೆಳ್ಳಿ ಅಷ್ಟೇನೂ ಸಿಗಲಿಲ್ಲ. 1659ರಲ್ಲಿ ಶತ್ರುಸೈನ್ಯ ಬಂದು ಗಣಿಯನ್ನು ಸುಟ್ಟಿತು. ಆ ಬಲವಂತದ ಕೆಲಸದಿಂದ ತಪ್ಪಿಸಿಕೊಳ್ಳಲು ಊರು ಬಿಟ್ಟ ಸಾಮಿ ಕುಟುಂಬಗಳ ನೆನಪು ಮಾತ್ರ ಇಲ್ಲಿನ ಕಥೆಗಳಲ್ಲಿ ಉಳಿದಿದೆ.

ಕಿರುನಾದ ಕಬ್ಬಿಣದ ಬೆಟ್ಟದ ವಿಷಯವೂ ಆಗಿನಿಂದಲೇ ಗೊತ್ತಿತ್ತು. ಎರಡು ತೊಡಕಿದ್ದವು. ಆ ಅದಿರಿನಲ್ಲಿ ರಂಜಕ ಹೆಚ್ಚು. ರಂಜಕವಿರುವ ಅದಿರಿನಿಂದ ತೆಗೆದ ಉಕ್ಕು ಹೊಡೆದರೆ ಸೀಳುತ್ತಿತ್ತು. 1870ರ ದಶಕದ ಕೊನೆಗೆ ಇಂಗ್ಲೆಂಡಿನ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್, ಕುಲುಮೆಯ ಒಳಮೈಗೆ ಸುಣ್ಣದ ಅಂಶವಿರುವ ಇಟ್ಟಿಗೆ ಹಾಕಿ ರಂಜಕವನ್ನು ಕಿಟ್ಟದಲ್ಲಿ ಹೊರತೆಗೆಯುವ ವಿಧಾನ ಕಂಡುಹಿಡಿದ ಮೇಲೆ ಮೊದಲ ತೊಡಕು ಕಳೆಯಿತು. ಎರಡನೆಯದು ಸಾಗಣೆ. ಸ್ವೀಡನ್ನಿನ ಕಡೆಯ ಸಮುದ್ರ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ನಾರ್ವೆ ಕಡೆಯ ನಾರ್ವಿಕ್ ಬಂದರು ಅದಕ್ಕಿಂತ ಉತ್ತರದಲ್ಲಿದ್ದರೂ ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದ ದಯೆಯಿಂದ ವರ್ಷವಿಡೀ ತೆರೆದಿರುತ್ತದೆ. ಬೆಟ್ಟ ದಾಟಿ ಅಲ್ಲಿಗೆ ಹೋಗುವ ರೈಲುಹಳಿಯನ್ನು 1903ರಲ್ಲಿ ರಾಜ ಎರಡನೆಯ ಆಸ್ಕರ್ ಉದ್ಘಾಟಿಸಿದ. 1890ರಲ್ಲಿ ಸ್ಥಾಪನೆಯಾಗಿದ್ದ ಎಲ್‌ಕೆಎಬಿ ಕಂಪನಿ ಬೆಟ್ಟದ ಬುಡದಲ್ಲಿ 1900ರ ಹೊತ್ತಿಗೆ ಊರು ಕಟ್ಟತೊಡಗಿತು. ಕಂಪನಿಯ ಮೊದಲ ಮ್ಯಾನೇಜರ್, ಭೂವಿಜ್ಞಾನಿ ಯಾಲ್ಮಾರ್ ಲುಂಡ್‌ಬೂಮ್, ಗಣಿ ಊರೆಂದರೆ ಕೊಳೆಗೇರಿ ಆಗಬಾರದೆಂದು ಹಟ ಹಿಡಿದವನು. ಕೆಲಸಗಾರರಿಗೆ ಕಟ್ಟಿಸಿಕೊಟ್ಟ ಮರದ ಮನೆಗಳಿಗೆ, ಅವುಗಳ ಆಕಾರ ನೋಡಿ, ಜನ ಮಸಿಕುಡಿಕೆ ಎಂದೇ ಹೆಸರಿಟ್ಟರು. ಚರ್ಚು ಕೂಡ ಕಂಪನಿಯ ಕೊಡುಗೆ. ಸಾಮಿ ಜನರ ಗುಡಿಸಲಿನ ಆಕಾರದ ಚರ್ಚನ್ನು, ಸಾಮಿ ಜನರ ಹಿಮಸಾರಂಗಗಳು ಮೇಯುತ್ತಿದ್ದ ನೆಲದ ಮೇಲೆ, ಗಣಿಯ ಹಣದಲ್ಲಿ ಕಟ್ಟಿದರು. ಇದರಲ್ಲಿರುವ ಗೌರವವೆಷ್ಟು, ಅಲಂಕಾರವೆಷ್ಟು ಎಂದು ಬೇರೆ ಮಾಡುವುದು ನನಗೆ ಇನ್ನೂ ಸಾಧ್ಯವಾಗಿಲ್ಲ.

ಊರಿಗೆ ಈಗ ಬಂದಿರುವ ಕಷ್ಟ ಅದಿರಿನ ಓರೆಯಲ್ಲಿದೆ. ಸುಮಾರು ನಾಲ್ಕು ಕಿಲೋಮೀಟರ್ ಉದ್ದದ, 80 ಮೀಟರ್ ದಪ್ಪದ ಅದಿರಿನ ಹಲಗೆಯೊಂದು ನೆಲದೊಳಗೆ ನೆಟ್ಟಗೆ ಇಳಿಯದೆ, ಊರಿನ ಕಡೆಗೆ ವಾಲಿಕೊಂಡು ಇಳಿದಿದೆ. 1960ರ ದಶಕದವರೆಗೆ ಮೇಲಿನಿಂದ ತೋಡಿದರು. ಆಮೇಲೆ ಸುರಂಗದೊಳಗೆ ಹಂತಹಂತವಾಗಿ ಸಿಡಿಸಿ, ಅದಿರನ್ನು ಕೆಳಗಿನಿಂದ ಎಳೆದುಕೊಂಡು, ಮೇಲಿನ ಬಂಡೆ ತಾನಾಗಿ ಕುಸಿಯಲು ಬಿಡುವ ಕ್ರಮ ಬಂತು. 2013ರಲ್ಲಿ ತೆರೆದ ಮುಖ್ಯ ಸಾಗಣೆ ಹಂತ, ಹಿಂದೆ ಬೆಟ್ಟದ ನೆತ್ತಿ ಇದ್ದ ಮಟ್ಟದಿಂದ 1,365 ಮೀಟರ್ ಕೆಳಗಿದೆ. ಆಳಕ್ಕೆ ಹೋದಷ್ಟೂ ಕುಸಿತದ ಅಂಚು ಊರಿನೊಳಕ್ಕೆ ಬರುತ್ತದೆ. ಇದನ್ನು ಕಂಪನಿ 2004ರಲ್ಲಿ ನಗರಸಭೆಗೆ ತಿಳಿಸಿತು. ಅಂದಿನಿಂದ ಊರು ತನ್ನ ಗಂಟುಮೂಟೆ ಕಟ್ಟುತ್ತಿದೆ. 2018ರಲ್ಲಿ ಹೊಸ ಪುರಭವನ ಬಂತು, 2022ರಲ್ಲಿ ಮೂರು ಕಿಲೋಮೀಟರ್ ಪೂರ್ವಕ್ಕೆ ಹೊಸ ಪೇಟೆ ತೆರೆಯಿತು. ಮನೆ ಕಳೆದುಕೊಂಡವರಿಗೆ ಕಂಪನಿ ಹೊಸ ಮನೆ ಕೊಡುತ್ತದೆ, ಇಲ್ಲವೇ ಮಾರುಕಟ್ಟೆ ಬೆಲೆಯ ಮೇಲೆ ಶೇಕಡ 25 ಸೇರಿಸಿ ಹಣ ಕೊಡುತ್ತದೆ. ಪಕ್ಕದ ಮಾಲ್ಮ್‌ಬೆರ್ಯೆಟ್ ಎಂಬ ಗಣಿ ಊರಿಗೆ ಹೀಗೆ ಸರಿಯುವ ಭಾಗ್ಯವೂ ಇಲ್ಲ. ಅದನ್ನು ಹೊಸ ಊರಾಗಿ ಬೇರೆಡೆ ಕಟ್ಟುತ್ತಿಲ್ಲ, ಖಾಲಿ ಮಾಡುತ್ತಿದ್ದಾರೆ. ಅಲ್ಲಿನ ಬೀದಿಗಳನ್ನು ನೋಡಿದಾಗ ನನಗೆ ಕುದುರೆಮುಖದ ಕಾಲೊನಿಯ ನೆನಪಾಯಿತು. ವ್ಯತ್ಯಾಸವೆಂದರೆ ನಮ್ಮಲ್ಲಿ ಗೋಡೆಗಳಿಗೆ ಪಾಚಿ ಹಿಡಿಯಿತು, ಇಲ್ಲಿ ಬೇಲಿ ಹಾಕಿ ಬೀಗ ಜಡಿದಿದ್ದಾರೆ.

ಕಿರುನಾದಲ್ಲಿ ರಾತ್ರಿ ಉಳಿದವರಿಗೆ ಗಣಿ ತಾನಾಗಿ ಪರಿಚಯ ಹೇಳಿಕೊಳ್ಳುತ್ತದೆ. ನಡುರಾತ್ರಿ ಕಳೆದು ಒಂದೂವರೆ ಗಂಟೆಯ ಸುಮಾರಿಗೆ, ಗಣಿಯೊಳಗೆ ಯಾರೂ ಇಲ್ಲದ ಹೊತ್ತಿನಲ್ಲಿ ಸಿಡಿಸುತ್ತಾರೆ. ಶಬ್ದಕ್ಕಿಂತ ಮೊದಲು ಮಂಚಕ್ಕೆ ಗೊತ್ತಾಗುತ್ತದೆ. ನಾನು ತಂಗಿದ್ದ ಮನೆಯಲ್ಲಿ ಷೆಲ್ಫಿನ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು, ಅಷ್ಟೆ. ಬೆಳಿಗ್ಗೆ ಮನೆಯಾಕೆಯನ್ನು ಕೇಳಿದರೆ, "ಸದ್ದು ಬಾರದ ದಿನ ನಿದ್ದೆ ಬರುವುದಿಲ್ಲ" ಎಂದರು. ಅದರಲ್ಲಿ ತಮಾಷೆ ಎಷ್ಟೆಂದು ಗೊತ್ತಾಗಲಿಲ್ಲ. ಸಿಡಿತ ನಿಂತರೆ ಸಂಬಳ ನಿಂತಂತೆ ಎಂಬುದು ಗಣಿ ಕಾಲೊನಿಯಲ್ಲಿ ಬೆಳೆದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಚಳಿ. ಕಿರುನಾ ಇರುವುದು ಧ್ರುವವೃತ್ತದಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರದಲ್ಲಿ. ಡಿಸೆಂಬರ್ ಎರಡನೆಯ ವಾರದಿಂದ ವರ್ಷದ ಕೊನೆಯವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಮಧ್ಯಾಹ್ನ ಒಂದೆರಡು ತಾಸು ಆಕಾಶ ನೀಲಿಯ ಬೂದಿಯಂತೆ ಬೆಳಗಿ ಆರಿಹೋಗುತ್ತದೆ. ಮೇ ಕೊನೆಯಿಂದ ಜುಲೈ ನಡುವಿನವರೆಗೆ ಮುಳುಗುವುದಿಲ್ಲ. ಮೈನಸ್ 30 ಇಲ್ಲಿ ಸುದ್ದಿಯಲ್ಲ. 2024ರ ಜನವರಿಯಲ್ಲಿ ಕ್ವಿಕ್‌ಯೊಕ್ ಬಳಿ ಮೈನಸ್ 43.6 ದಾಖಲಾದಾಗ ಸುದ್ದಿಯಾಯಿತು. ಆ ಚಳಿಯಲ್ಲಿ ಉಸಿರೆಳೆದರೆ ಮೂಗಿನೊಳಗಿನ ಕೂದಲು ಸೆಟೆದು ಮುಳ್ಳಾಗುತ್ತದೆ; ಕಾರನ್ನು ರಾತ್ರಿಯಿಡೀ ಕರೆಂಟಿನ ಪ್ಲಗ್ಗಿಗೆ ಸಿಕ್ಕಿಸಿ ಎಂಜಿನ್ ಬೆಚ್ಚಗಿಡಬೇಕು. ಆದರೆ ಒಣಚಳಿಗೆ ಒಂದು ಸಭ್ಯತೆಯಿದೆ, ಬಟ್ಟೆ ಸರಿಯಿದ್ದರೆ ಅದು ಹೊರಗೇ ನಿಲ್ಲುತ್ತದೆ. ಕುದುರೆಮುಖದ ಆಷಾಢದ ಥಂಡಿ ಹಾಗಲ್ಲ. ಅದು ಹಾಸಿಗೆ, ಪುಸ್ತಕ, ಉಪ್ಪಿನ ಡಬ್ಬಿ ಎಲ್ಲದರೊಳಗೂ ಬಂದು ಕೂರುತ್ತಿತ್ತು.

ಹೊಸ ಕಿರುನಾ ಕಟ್ಟಿದವರು ಚಳಿಯ ಸ್ವಭಾವವನ್ನು ಹಳಬರಷ್ಟು ಮನ್ನಿಸಲಿಲ್ಲವೇನೋ. 1900ರಲ್ಲಿ ಪೆರ್ ಉಲೋಫ್ ಹಾಲ್ಮನ್ ಹಾಕಿದ ನಕ್ಷೆಯಲ್ಲಿ ಊರು ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿತ್ತು, ಬೀದಿಗಳು ಗಾಳಿಯನ್ನು ಮುರಿಯುವಂತೆ ಬಾಗಿದ್ದವು. ಹೊಸ ಪೇಟೆ ಇರುವುದು ತಗ್ಗಿನಲ್ಲಿ. ತಣ್ಣನೆಯ ಗಾಳಿ ಭಾರ, ಅದು ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಚಳಿಗಾಲದಲ್ಲಿ ಹೊಸ ಜಾಗ ಹಳೆಯದಕ್ಕಿಂತ 10 ಡಿಗ್ರಿಯವರೆಗೂ ಹೆಚ್ಚು ತಣ್ಣಗಿರಬಹುದೆಂದು ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಹೇಳಿದ್ದಾರೆ. ಇದನ್ನು ಅಪ್ಪನಿಗೆ ಹೇಳಿದಾಗ, "ಮಂಜು ಯಾವಾಗಲೂ ತಗ್ಗಿನಲ್ಲೇ ಕೂರೋದು, ಇದಕ್ಕೆ ಯೂನಿವರ್ಸಿಟಿ ಬೇಕಾ? ಕಳಸದ ಯಾವ ತೋಟದವರನ್ನ ಕೇಳಿದ್ದರೂ ಹೇಳ್ತಿದ್ದರು," ಎಂದರು.

ಆದರೆ ಈ ಸೀಮೆಯಲ್ಲಿ ಹವೆ ಯಾರ ಹೊಟ್ಟೆಯ ಪ್ರಶ್ನೆಯೆಂದು ಕೇಳಿದರೆ ಉತ್ತರ ಬರುವುದು ಗಣಿಯವರಿಂದಲ್ಲ, ಸಾಮಿ ಜನರಿಂದ. ಸ್ವೀಡನ್ನಿನಲ್ಲಿ ಹಿಮಸಾರಂಗ ಸಾಕುವ ಹಕ್ಕಿರುವುದು ಅವರಿಗೆ, ಅದೂ ಸಾಮೆಬಿ ಎಂಬ ಕೂಟಗಳ ಮೂಲಕ. ಬಿ ಎಂದರೆ ಹಳ್ಳಿ, ಆದರೆ ಇದು ಹಳ್ಳಿಯಲ್ಲ. ಬೇಸಗೆಯ ಬೆಟ್ಟದಿಂದ ಚಳಿಗಾಲದ ಕಾಡಿನವರೆಗೆ ನೂರಾರು ಕಿಲೋಮೀಟರ್ ಚಾಚಿದ ಮೇವಿನ ಹಾದಿಯನ್ನು ಒಟ್ಟಾಗಿ ಬಳಸುವ ಕುಟುಂಬಗಳ ಒಕ್ಕೂಟ. ಇಂಥ 51 ಕೂಟಗಳಿವೆ. ಚಳಿಗಾಲದಲ್ಲಿ ಹಿಮಸಾರಂಗ ಗೊರಸಿನಿಂದ ಹಿಮ ಕೆದರಿ, ಅಡಿಯಲ್ಲಿರುವ ಬಿಳಿಯ ಕಲ್ಲುಹೂವನ್ನು ತಿಂದು ಬದುಕುತ್ತದೆ. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ದೂರದ ನೆಂಟನೇ ಅದು. ಹಿಮ ತೀರಾ ಎತ್ತರ ಬೀಳದೆ ಪುಡಿಯಾಗಿದ್ದರೆ ಪ್ರಾಣಿಗೆ ಚಿಂತೆಯಿಲ್ಲ, ಅಡಿಯ ಮೇವಿನ ವಾಸನೆ ಮೂಗಿಗೆ ಮುಟ್ಟುತ್ತದೆ. ಕಷ್ಟ ಬರುವುದು ಮಳೆಯಿಂದ.

ನವೆಂಬರಿನಲ್ಲೋ ಡಿಸೆಂಬರಿನಲ್ಲೋ ಅಟ್ಲಾಂಟಿಕ್ ಕಡೆಯಿಂದ ಬೆಚ್ಚನೆಯ ಗಾಳಿ ನುಗ್ಗಿ, ಹಿಮದ ಮೇಲೆ ಮಳೆ ಸುರಿಸಿ, ಎರಡು ದಿನದ ನಂತರ ಮತ್ತೆ ಮೈನಸ್ 20ಕ್ಕೆ ಇಳಿದರೆ, ಆ ನೀರು ಮೇವಿನ ಮೇಲೆ ಗಾಜಿನ ಮುಚ್ಚಳವಾಗಿ ಕೂರುತ್ತದೆ. ಗೊರಸು ಜಾರುತ್ತದೆ, ವಾಸನೆ ಬರುವುದಿಲ್ಲ, ಹಿಂಡು ಚೆದುರುತ್ತದೆ. ಉತ್ತರದ ಸಾಮಿ ಭಾಷೆಯಲ್ಲಿ ಇಂಥ ಮಂಜುಗಡ್ಡೆಯ ಪದರಕ್ಕೆ ಚುವೊಹ್ಕಿ ಎಂಬ ಪದವಿದೆ. ಹಿಮದಡಿಯ ಮೇವು ಪ್ರಾಣಿಗೆ ಎಟುಕುವ ಸ್ಥಿತಿಯಲ್ಲಿದೆಯೇ ಎಂಬುದಕ್ಕೆ ಗುವೊಹ್ತುನ್ ಎಂಬ ಇನ್ನೊಂದು ಪದ. ಸಾಮಿ ಭಾಷೆಯಲ್ಲಿ ಹಿಮಕ್ಕೆ ನೂರಾರು ಪದಗಳಿವೆ ಎಂದು ಪ್ರವಾಸಿಗರು ಬೆರಗಾಗುವುದುಂಟು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದರಲ್ಲಿ ಬೆರಗೇನಿಲ್ಲ. ಆರಿದ್ರಾ ಮಳೆ, ಪುನರ್ವಸು ಮಳೆ, ಸೋನೆ, ಜಡಿ ಎಂದು ನಮ್ಮವರು ಹೇಳುವುದು ಕಾವ್ಯಕ್ಕಾಗಿಯಲ್ಲ, ಸಸಿ ಯಾವಾಗ ನೆಡಬೇಕು, ಅಡಕೆಗೆ ಕೊಟ್ಟೆ ಯಾವಾಗ ಕಟ್ಟಬೇಕು ಎಂಬ ಲೆಕ್ಕಕ್ಕಾಗಿ. ಆ ಹೆಸರುಗಳೂ ಹವೆಯೂ ತಾಳೆಯಾಗದೆ ಹೋದಾಗ ನಮ್ಮ ರೈತ ಪಡುವ ತಬ್ಬಿಬ್ಬನ್ನೇ ಇಲ್ಲಿನ ಹಿಮಸಾರಂಗದವರ ಮಾತಿನಲ್ಲೂ ಕೇಳಿದ್ದೇನೆ. ಭೂಮಿಯ ಉಳಿದ ಭಾಗಕ್ಕಿಂತ ಈ ಉತ್ತರ ಬೇಗ ಬಿಸಿಯಾಗುತ್ತಿದೆ. ಕೆಬ್ನೆಕೈಸೆ ಬೆಟ್ಟದ ಹಿಮ ಹೊದ್ದ ದಕ್ಷಿಣ ಶಿಖರ ದೇಶದಲ್ಲೇ ಎತ್ತರದ್ದೆಂದು ಮಕ್ಕಳು ಶಾಲೆಯಲ್ಲಿ ಓದುತ್ತಿದ್ದರು. ಅದು ಕರಗಿ ಕುಗ್ಗಿ, 2019ರಲ್ಲಿ ಪಕ್ಕದ ಬರೀ ಬಂಡೆಯ ಉತ್ತರ ಶಿಖರಕ್ಕೆ ಪಟ್ಟ ಬಿಟ್ಟುಕೊಟ್ಟಿತು.

ಮೇವು ಮುಚ್ಚಿಹೋದ ವರ್ಷ ಸಾಕುವವರು ಮೇವಿನ ಉಂಡೆಗಳನ್ನು ಲೋಡುಗಟ್ಟಲೆ ಕೊಳ್ಳಬೇಕಾಗುತ್ತದೆ. ಅರೆದ ಅದಿರನ್ನು ಉಂಡೆ ಕಟ್ಟಿ ಸುಟ್ಟ ಗುಳಿಗೆಗಳಂತೆ ಅವಕ್ಕೂ ಪೆಲ್ಲೆಟ್ ಎಂದೇ ಹೆಸರು. ಉತ್ತರದಿಂದ ಕಬ್ಬಿಣದ ಪೆಲ್ಲೆಟ್ ಇಳಿಯುತ್ತದೆ, ದಕ್ಷಿಣದಿಂದ ಮೇವಿನ ಪೆಲ್ಲೆಟ್ ಹತ್ತುತ್ತದೆ. ಕಾಡಿನಲ್ಲಿ ತಾನಾಗಿ ಮೇಯುವ ಪ್ರಾಣಿಗೆ ಚೀಲದಿಂದ ಸುರಿದು ಹಾಕಬೇಕಾಗಿ ಬಂದರೆ, ಖರ್ಚಿನ ಮಾತು ಹಾಗಿರಲಿ, ಮಂದೆಯನ್ನು ಕಟ್ಟಿಹಾಕಬೇಕು, ಕಟ್ಟಿಹಾಕಿದಲ್ಲಿ ರೋಗ ಬರುತ್ತದೆ. ಹಳೆಯ ಕಾಲದಲ್ಲಿ ಇಂಥ ವರ್ಷ ಬಂದರೆ ಹಿಂಡನ್ನು ಬೇರೆ ಕಾಡಿಗೆ ಹೊಡೆದುಕೊಂಡು ಹೋಗುತ್ತಿದ್ದರಂತೆ. ಈಗ ಆ ಬೇರೆ ಕಾಡಿಗೆ ಹೋಗುವ ದಾರಿಯಲ್ಲಿ ರೈಲುಹಳಿ, ಗಣಿ, ಅಣೆಕಟ್ಟಿನ ಹಿನ್ನೀರು, ಮರ ಕಡಿದು ಬೋಳಾದ ಬಯಲು, ಗಾಳಿಯಂತ್ರಗಳ ಸಾಲು. ಹವೆ ಬದಲಾದದ್ದು ಒಂದು ಸಂಕಟ. ಅದರಿಂದ ತಪ್ಪಿಸಿಕೊಳ್ಳುವ ದಾರಿಗಳನ್ನು ಒಂದೊಂದಾಗಿ ಮುಚ್ಚಿದ್ದು ಬೇರೆಯೇ ಸಂಕಟ. ಎರಡನ್ನೂ ಹವಾಮಾನ ಬದಲಾವಣೆ ಎಂಬ ಒಂದೇ ಚೀಲಕ್ಕೆ ತುಂಬುವುದು ಅನುಕೂಲಕರ ಮರೆವೆಂದು ನನಗನ್ನಿಸುತ್ತದೆ.

2023ರ ಜನವರಿ 12ರಂದು, ಕಿರುನಾದ ಪಕ್ಕದ ಪೆರ್ ಯೇಯರ್ ಎಂಬ ನಿಕ್ಷೇಪದಲ್ಲಿ ಹತ್ತು ಲಕ್ಷ ಟನ್ನಿಗೂ ಮೀರಿದ ವಿರಳ ಭೂಧಾತುಗಳ ಆಕ್ಸೈಡುಗಳಿವೆ ಎಂದು ಎಲ್‌ಕೆಎಬಿ ಪ್ರಕಟಿಸಿತು. ವಿದ್ಯುತ್ ಕಾರಿನ ಮೋಟಾರಿಗೂ ಗಾಳಿಯಂತ್ರಕ್ಕೂ ಬೇಕಾದ ಬಲವಾದ ಅಯಸ್ಕಾಂತಗಳು ಇವುಗಳಿಂದಲೇ ಆಗಬೇಕು, ಚೀನಾದ ಮೇಲಿನ ಅವಲಂಬನೆ ತಗ್ಗಬೇಕು, ಆದ್ದರಿಂದ ಯೂರೋಪಿಗೆಲ್ಲ ಸಂಭ್ರಮ. ಹಿಂದೆ ರಂಜಕವೆಂದು ಬೈದು ಬಿಸಾಡುತ್ತಿದ್ದ ಅದೇ ಅಪಟೈಟ್ ಖನಿಜದೊಳಗೆ ಈ ಧಾತುಗಳು ಅಡಗಿವೆ ಎಂಬುದು ಲೋಹಶಾಸ್ತ್ರದವಳಾದ ನನಗೆ ಖುಷಿ ಕೊಡುವ ಸಂಗತಿ. ಆದರೆ ಗಾಬ್ನಾ ಎಂಬ ಸಾಮೆಬಿಯವರಿಗೆ ಬೇರೆ ಲೆಕ್ಕವಿದೆ. ಊರು, ಗಣಿ, ರೈಲುಹಳಿ, ರಸ್ತೆಗಳ ನಡುವೆ ಅವರ ಹಿಂಡಿಗೆ ಉಳಿದಿರುವ ಇಕ್ಕಟ್ಟಿನ ದಾರಿಯನ್ನೂ ಹೊಸ ಗಣಿ ಕಡಿದುಹಾಕುತ್ತದೆ ಎನ್ನುತ್ತಾರೆ. ದಾರಿ ಕಡಿದರೆ ಬೆಟ್ಟವೂ ಕಾಡೂ ಎರಡು ತುಂಡಾಗುತ್ತವೆ, ಬರಿಯ ಒಂದು ತುಂಡಿನಲ್ಲಿ ಹಿಮಸಾರಂಗ ವರ್ಷ ಕಳೆಯಲಾರದು. 2020ರ ಜನವರಿಯಲ್ಲಿ ಗಿರ್ಯಾಸ್ ಎಂಬ ಇನ್ನೊಂದು ಸಾಮೆಬಿ, ತನ್ನ ಬೆಟ್ಟದಲ್ಲಿ ಬೇಟೆ ಮತ್ತು ಮೀನುಗಾರಿಕೆಗೆ ಪರವಾನಗಿ ಕೊಡುವ ಹಕ್ಕು ಸರ್ಕಾರದ್ದಲ್ಲ, ತನ್ನದು ಎಂದು ಸ್ವೀಡನ್ನಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದಿತ್ತು. ನೆಲದಡಿಯ ಅದಿರಿಗೆ ಆ ತೀರ್ಪು ತಾಗುವುದಿಲ್ಲ. ಊರು ಸರಿಸಲು ಎರಡು ದಶಕ ಯೋಜನೆ ಹಾಕಿದವರಿಗೆ ಒಂದು ಹಾದಿಯನ್ನು ಎಲ್ಲಿಗೆ ಸರಿಸಬೇಕೆಂಬ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಮೇವನ್ನು ಗಾಡಿಯ ಮೇಲೆ ಕೂರಿಸಿ ಒಯ್ಯಲು ಬರುವುದಿಲ್ಲ.

ಸಂಪತ್ತು ಎಲ್ಲಿಗೆ ಹೋಗುತ್ತದೆ ಎಂಬುದು ಇಲ್ಲಿನ ಕಾಫಿ ಮೇಜುಗಳ ನಿತ್ಯದ ಮಾತು. ಯೂರೋಪಿಯನ್ ಒಕ್ಕೂಟದಲ್ಲಿ ತೆಗೆಯುವ ಕಬ್ಬಿಣದ ಅದಿರಿನಲ್ಲಿ ಸುಮಾರು ಶೇಕಡ 80 ಎಲ್‌ಕೆಎಬಿಯದು. ಕಂಪನಿ ಸರ್ಕಾರದ್ದು, ಲಾಭಾಂಶ ಸ್ಟಾಕ್‌ಹೋಮಿನ ಖಜಾನೆಗೆ. ಲುಲಿಯೊ ನದಿಯ ಅಣೆಕಟ್ಟುಗಳು ದೇಶದ ವಿದ್ಯುತ್ತಿನ ಹತ್ತರಲ್ಲೊಂದು ಭಾಗದಷ್ಟನ್ನು ಕೊಡುತ್ತವೆ, ಅದೂ ತಂತಿ ಹಿಡಿದು ದಕ್ಷಿಣಕ್ಕೆ. ಖನಿಜ ಕಾಯ್ದೆಯ ಪ್ರಕಾರ ತೆಗೆದ ಖನಿಜದ ಬೆಲೆಯಲ್ಲಿ ಸಾವಿರಕ್ಕೆ ಎರಡು ಪಾಲನ್ನು ಮಾತ್ರ ಕಟ್ಟಬೇಕು. ಒಂದೂವರೆ ನೆಲದ ಒಡೆಯನಿಗೆ, ಅರ್ಧ ಸರ್ಕಾರಕ್ಕೆ. ಗಣಿಯಿರುವ ಊರಿನ ನಗರಸಭೆಗೆ ಅದರಲ್ಲಿ ಏನೂ ಇಲ್ಲ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಸಂಬಳ ಚೆನ್ನಾಗಿದೆ, ಆಸ್ಪತ್ರೆ ಶಾಲೆಗಳು ದೇಶದ ಉಳಿದೆಡೆಯಂತೆಯೇ ಇವೆ, ಮತ್ತು ಈ ಜನ ಕೈಕಟ್ಟಿ ಕೂತವರೂ ಅಲ್ಲ. 1969ರ ಡಿಸೆಂಬರಿನಲ್ಲಿ ಗಣಿಗಾರರು ತಮ್ಮದೇ ಯೂನಿಯನ್ನಿನ ಮಾತೂ ಕೇಳದೆ ಕೆಲಸ ನಿಲ್ಲಿಸಿ 57 ದಿನ ಕೂತಾಗ, ಎಲ್ಲವನ್ನೂ ಮಾತುಕತೆಯಲ್ಲಿ ಮುಗಿಸುವ ದೇಶವೆಂಬ ಸ್ವೀಡನ್ನಿನ ಹೆಮ್ಮೆ ಸಾಕಷ್ಟು ಅಲುಗಾಡಿತ್ತು.

ಹಸಿರು ಉಕ್ಕಿನ ಬಗ್ಗೆ ಎಲ್ಲರೂ ಬರೆಯುತ್ತಿರುವುದರಿಂದ ನಾನು ಚುಟುಕಾಗಿ ಮುಗಿಸುತ್ತೇನೆ. ಅದಿರಿನಿಂದ ಆಮ್ಲಜನಕ ಕೀಳಲು ಕಲ್ಲಿದ್ದಲಿನ ಬದಲು ಜಲಜನಕ ಬಳಸಿದರೆ ಹೊಗೆಯ ಜಾಗದಲ್ಲಿ ನೀರಿನ ಆವಿ ಬರುತ್ತದೆ. ಲುಲಿಯೊದ ಪ್ರಾಯೋಗಿಕ ಘಟಕದಲ್ಲಿ 2021ರಲ್ಲಿ ಹೀಗೆ ಕಬ್ಬಿಣ ಮಾಡಿ ತೋರಿಸಿದರು, ರಸಾಯನಶಾಸ್ತ್ರದಲ್ಲಿ ಸಂಶಯವಿಲ್ಲ. ಸಂಶಯವಿರುವುದು ಹಣದಲ್ಲಿ. ಪಕ್ಕದ ಪ್ರಾಂತದ ಶೆಲೆಫ್ಟಿಯೊದಲ್ಲಿ ನಾರ್ತ್‌ವೋಲ್ಟ್ ಬ್ಯಾಟರಿ ಕಾರ್ಖಾನೆ ಇದೇ ಅಗ್ಗದ ವಿದ್ಯುತ್ತನ್ನು ನಂಬಿ ಬಂದು, ಜಗತ್ತಿನ ಮೂಲೆಮೂಲೆಯಿಂದ ಕೆಲಸಗಾರರನ್ನು ಕರೆಸಿ, 2025ರ ಮಾರ್ಚಿನಲ್ಲಿ ದಿವಾಳಿಯಾಯಿತು. ವರ್ಕ್ ಪರ್ಮಿಟ್ಟಿನವರಿಗೆ ಕೆಲಸ ಹೋದರೆ ಹೊಸದು ಹುಡುಕಲು ಆಗ ಮೂರು ತಿಂಗಳ ಗಡುವಿತ್ತು. ಆ ವಸಂತದಲ್ಲಿ ನಮ್ಮ ಯುಗಾದಿ ಊಟಕ್ಕೆ ಬಂದವರ ಮಾತೆಲ್ಲ ಆ ಗಡುವಿನ ಸುತ್ತಲೇ ಸುತ್ತಿತು, ಒಬ್ಬಟ್ಟು ಹಾಗೇ ಆರಿತು.

ಊರು ಜರುಗುವುದು ಈ ಸೀಮೆಗೆ ಹೊಸತೂ ಅಲ್ಲ. ಹಿಮಯುಗದಲ್ಲಿ ಮೈಲಿ ದಪ್ಪದ ಮಂಜುಗಡ್ಡೆಯ ಭಾರಕ್ಕೆ ಕುಸಿದಿದ್ದ ನೆಲ ಇಲ್ಲಿ ಇನ್ನೂ ಮೇಲೇಳುತ್ತಿದೆ, ಲುಲಿಯೊದಲ್ಲಿ ವರ್ಷಕ್ಕೆ ಒಂದು ಸೆಂಟಿಮೀಟರಿಗೆ ತುಸು ಕಡಿಮೆ. ಹಳೆಯ ಬಂದರು ಹಡಗು ಬಾರದಷ್ಟು ಬತ್ತಿದ್ದರಿಂದ 1649ರಲ್ಲಿ ಲುಲಿಯೊ ಊರನ್ನೇ ಕೆಳಗೆ ಸಮುದ್ರದಂಡೆಗೆ ತಂದರು. ಬಿಟ್ಟುಹೋದ ಗಾಮೆಲ್‌ಸ್ಟಾಡ್, ಕಲ್ಲಿನ ಚರ್ಚಿನ ಸುತ್ತ ನಾನೂರಕ್ಕೂ ಹೆಚ್ಚು ಪುಟ್ಟ ಮರದ ಮನೆಗಳ ಸಮೇತ, ಹಾಗೇ ಉಳಿದಿದೆ. ನೆಲ ತಾನಾಗಿ ಎದ್ದಾಗ ಹೊರಟವರಿಗೂ ನೆಲ ತೋಡಿದ್ದರಿಂದ ಹೊರಟವರಿಗೂ ಮನಸ್ಸಿನಲ್ಲಿ ಒಂದೇ ಬಗೆಯ ಭಾರವಿತ್ತೇ ಎಂದು ಅಲ್ಲಿನ ಓಣಿಗಳಲ್ಲಿ ನಡೆಯುವಾಗ ಯೋಚಿಸುತ್ತೇನೆ.

ಚರ್ಚು ಹೊಸ ಜಾಗ ಸೇರಿದ ಕೆಲವೇ ದಿನಗಳಲ್ಲಿ ಇನ್ನೊಂದು ಪ್ರಕಟಣೆ ಬಂತು. ಆಳಕ್ಕೆ ತೋಡಬೇಕಾದ್ದರಿಂದ ಇನ್ನೂ ಸುಮಾರು 6,000 ಜನ ಮನೆ ಬಿಡಬೇಕಾಗುತ್ತದೆ. ಫ್ಲಾಸ್ಕಿನ ಆ ಹೆಂಗಸು ಈ ಹೊಸ ಗೆರೆಯ ಒಳಗಿದ್ದರೋ ಹೊರಗಿದ್ದರೋ, ನಾನು ಅವರ ಮನೆ ಎಲ್ಲಿ ಎಂದು ಕೇಳಿರಲಿಲ್ಲ.

ಚರ್ಚು ಸಾಗಿದ ಎರಡನೆಯ ದಿನದ ಸಂಜೆ, ಮನೆಗೆ ಹೊರಡಲು ಕಿರುನಾದ ರೈಲು ನಿಲ್ದಾಣಕ್ಕೆ ಬಂದೆ. ಅದೂ ತಾತ್ಕಾಲಿಕ ನಿಲ್ದಾಣವೇ, ಹಳೆಯದು ಕುಸಿತದ ಅಂಚಿಗೆ ಸಿಕ್ಕಿ ಹೋಗಿದೆ. ಹಳಿಯ ಪಕ್ಕದ ಜಲ್ಲಿಯಲ್ಲಿ ವ್ಯಾಗನ್ನುಗಳಿಂದ ಉದುರಿದ ಪೆಲ್ಲೆಟ್ಟುಗಳು ಬಿದ್ದಿದ್ದವು, ಗೋಲಿಗಿಂತ ಸ್ವಲ್ಪ ಚಿಕ್ಕವು, ಬೂದುಗಪ್ಪು. ನಾಲ್ಕನ್ನು ಜೇಬಿಗೆ ಹಾಕಿಕೊಂಡೆ. ಮನೆಯ ಕಿಟಕಿಯಲ್ಲಿ ಅಪ್ಪ ಕೊಟ್ಟ ಕುದುರೆಮುಖದ ಕಲ್ಲಿದೆ: ಕಪ್ಪು ಮ್ಯಾಗ್ನಟೈಟಿನ ಗೆರೆ, ಬಿಳಿಯ ಬೆಣಚಿನ ಗೆರೆ, ಸೀರೆಯಂಚಿನಂತೆ ಒಂದರ ಮೇಲೊಂದು. ಅದರಲ್ಲಿ ಕಬ್ಬಿಣ ನೂರಕ್ಕೆ ನಲವತ್ತು ಭಾಗವೂ ಇಲ್ಲ, ಕಿರುನಾದ್ದರಲ್ಲಿ ಅರವತ್ತರ ಮೇಲೆ. ಚಿಕ್ಕವಳಿದ್ದಾಗ ಆ ಕಲ್ಲಿಗೆ ಅಯಸ್ಕಾಂತ ಅಂಟಿಸಿ ಆಡುತ್ತಿದ್ದೆ.

ಅಷ್ಟರಲ್ಲಿ ನಾರ್ವಿಕ್ ಕಡೆಗೆ ಹೋಗುವ ಅದಿರಿನ ರೈಲು ಬಂತು. ಒಂದೊಂದು ವ್ಯಾಗನ್ನಿನಲ್ಲಿ ನೂರು ಟನ್, ಒಟ್ಟು 68 ವ್ಯಾಗನ್ನು. ಅಪ್ಪ ಇನ್ನೂ ಮಲಗಿರಲಿಲ್ಲ, ಫೋನು ಮಾಡಿದೆ.

"ಹತ್ತಿರ ಹಿಡಿ, ಕೇಳೋಣ," ಎಂದರು. ಕುದುರೆಮುಖದಲ್ಲಿ ರೈಲಿರಲಿಲ್ಲ. ಅರೆದ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಮಂಗಳೂರಿಗೆ ಬಿಡುತ್ತಿದ್ದರು. ಇಪ್ಪತ್ತೈದು ವರ್ಷ ಅದರ ಕೆಲಸ ಮಾಡಿದರೂ ಅದಿರು ಹೊರಡುವ ಸದ್ದನ್ನು ಅವರು ಕೇಳಿದವರಲ್ಲ.

ಫೋನನ್ನು ಹಳಿಯ ಕಡೆಗೆ ಹಿಡಿದು ನಿಂತೆ. ಕೊನೆಯ ವ್ಯಾಗನ್ನು ದಾಟಿದ ಮೇಲೆ ಕಿವಿಗಿಟ್ಟುಕೊಂಡೆ.

"ಐವತ್ತರವರೆಗೆ ಎಣಿಸಿದೆ," ಎಂದರು ಅಪ್ಪ. "ಆಮೇಲೆ ನಿಮ್ಮಮ್ಮ ಊಟಕ್ಕೆ ಕರೆದಳು, ಲೆಕ್ಕ ತಪ್ಪಿಹೋಯ್ತು."